ಸೆಲ್ಲಿಲ್ಲದ ಬ್ಯಾಟ್ರಿ

ನಾನು ಚಿಕ್ಕವನಿದ್ದಾಗ ನಮ್ಮ ಹೊಲ ಕೂಡ್ಲಿಗಿ ಕಡೆಯ ಗುಡ್ಡವೊಂದರ ಬುಡದಲ್ಲಿತ್ತು. ಆ ಗುಡ್ಡದಲ್ಲಿ ಕರಡಿಗಳಿದ್ದವು. ನನ್ನ ತಲೆ ಇನ್ನೂ ಪೂರ್ತಿ ಬೆಳ್ಳಗಾಗಿಲ್ಲ, ಆದರೂ ಅಕ್ಕನ ಮೊಮ್ಮಕ್ಕಳಿಗೆ ನಾನು ಅಜ್ಜನೇ. ಅಜ್ಜ ಅನ್ನಿಸಿಕೊಂಡ ಮೇಲೆ ಹಳೆಯದನ್ನು ಹೇಳದೆ ಬಿಡುತ್ತೇನೆಯೇ? ಕೇಳಿ.

ಅದು ಕಾರ್ಗಿಲ್ ಯುದ್ಧ ಮುಗಿದ ವರ್ಷ. ಅಕ್ಕನ ಗಂಡ ಸೈನ್ಯದಲ್ಲಿದ್ದರು. ಅವರನ್ನು ನಾನು ಮಾವ ಅನ್ನುತ್ತಿದ್ದೆ. ಯುದ್ಧ ನಡೆದಷ್ಟು ದಿನ ಅಕ್ಕ ರೇಡಿಯೊಕ್ಕೆ ಕಿವಿ ಹಚ್ಚಿ ಕೂತು, ಸರಿಯಾಗಿ ಉಣ್ಣದೆ ಕಡ್ಡಿಯಾಗಿದ್ದಳು. ದೀಪಾವಳಿಗೆ ಮಾವ ರಜೆಯ ಮೇಲೆ ಬಂದರು. ಕೈಕಾಲು ಗಟ್ಟಿಯಾಗಿಯೇ ಬಂದರು. ಮನೆಮಂದಿಗೆಲ್ಲ ಹೋದ ಜೀವ ಬಂದಂತಾಯಿತು.

ಆ ಹೊತ್ತಿಗೆ ಶೇಂಗಾ ಕಿತ್ತು ಮುಗಿದಿತ್ತು. ಕರಡಿಗೆ ಶೇಂಗಾ ಅಂದರೆ ಪ್ರಾಣ. ಬೆಳೆ ಇರುವತನಕ ಅಪ್ಪ ಹೊಲದ ಅಟ್ಟಣಿಗೆಯ ಮೇಲೆ ಕಾವಲು ಕೂರುತ್ತಿದ್ದ. ಬಡಿಯಲು ಒಂದು ಖಾಲಿ ಡಬ್ಬಿ, ಬೆಳಕು ಬಿಡಲು ಒಂದು ಟಾರ್ಚು. ಅದನ್ನು ನಮ್ಮಲ್ಲಿ ಬ್ಯಾಟ್ರಿ ಅನ್ನುತ್ತಿದ್ದರು. ಬೆಳೆ ಮನೆಗೆ ಬಂದ ದಿನವೇ ಅಪ್ಪ, "ಇನ್ನೇನು ಕಾಯೋದೈತಿ, ಕರಡಿನೂ ಗುಡ್ಡ ಸೇರಿರತೈತಿ" ಎಂದು ಅಟ್ಟಣಿಗೆ ಬಿಚ್ಚಿದ. ಡಬ್ಬಿಯಲ್ಲಿ ಅವ್ವ ಬಿತ್ತನೆ ಬೀಜ ತುಂಬಿಟ್ಟಳು. ಬ್ಯಾಟ್ರಿಯ ಸೆಲ್ಲುಗಳನ್ನು ಅಪ್ಪ ರೇಡಿಯೊಕ್ಕೆ ಹಾಕಿಕೊಂಡ. ಪ್ರತಿವರ್ಷವೂ ಹೀಗೇ ನಡೆಯುತ್ತಿತ್ತು.

ಹಬ್ಬ ಮುಗಿದ ಮೇಲೆ ಒಂದು ಸಂಜೆ ಅಕ್ಕ, ಮಾವ, ನಾನು ಹಕ್ಕಲು ಆಯಲು ಹೋದೆವು. ಬಳ್ಳಿಯಿಂದ ಕಳಚಿ ಮಣ್ಣಿನಲ್ಲೇ ಉಳಿದ ಕಾಯಿಗಳನ್ನು ಕೆದರಿ ಆರಿಸುವುದೇ ಹಕ್ಕಲು. ಗೂಟಕ್ಕೆ ತೂಗುಬಿಟ್ಟಿದ್ದ ಬ್ಯಾಟ್ರಿಯನ್ನು ನಾನೇ ಹೆಗಲಿಗೆ ಹಾಕಿಕೊಂಡಿದ್ದೆ. ಮಣ್ಣು ಇನ್ನೂ ಬಿಸಿಲಿನ ಕಾವು ಹಿಡಿದುಕೊಂಡಿತ್ತು. ಸಿಕ್ಕ ಕಾಯಲ್ಲಿ ಅರ್ಧ ಬುಟ್ಟಿಗೆ, ಅರ್ಧ ನನ್ನ ಹೊಟ್ಟೆಗೆ. ಬಾಯಿ ತುಂಬಿದ್ದರೂ ಸುಮ್ಮನಿರಬೇಕಲ್ಲ, ಕೇಳಿಯೇಬಿಟ್ಟೆ.

"ಮಾವ, ನಮ್ಮದು ಅಷ್ಟು ದೊಡ್ಡ ಸೈನ್ಯ ಐತಿ. ಕಾರ್ಗಿಲ್‌ನ್ಯಾಗ ಅವರು ನಮ್ಮ ಗುಡ್ಡ ಹತ್ತಿ ಕುಂತಿದ್ದು ಯಾಕ ಗೊತ್ತಾಗಲಿಲ್ರಿ?"

ಮಾವನ ಕೈ ಮಣ್ಣಿನಲ್ಲೇ ನಿಂತಿತು. "ಸುಮ್ನ ಆರಿಸೋ, ತಲಿಹರಟಿ ಮಾಡಬ್ಯಾಡ" ಎಂದು ಅಕ್ಕ ನನ್ನನ್ನು ಗದರಿಸಿ, ಬುಟ್ಟಿ ಎತ್ತಿಕೊಂಡು ಆಚೆ ಬದುವಿನ ಕಡೆ ಹೋದಳು.

ಹೊತ್ತು ಮುಳುಗಿತ್ತು. ಬದುವಿನ ಕಂಟಿ ಅಲುಗಾಡಿ, ಕರಡಿಯೊಂದು ಅಕ್ಕನ ಎದುರಿಗೇ ಹೊರಬಂತು. ಪಾಪ, ಅದೂ ಹಕ್ಕಲು ಆಯಲು ಬಂದಿತ್ತು. ಅಕ್ಕನನ್ನು ಕಂಡು ಹಿಂಗಾಲ ಮೇಲೆ ಎದ್ದು ನಿಂತು ಮೂಸಿತು. ಅಕ್ಕ ಇನ್ನು ಉಳಿಯುವುದಿಲ್ಲ ಎಂದೇ ನಾನು ತಿಳಿದೆ. ಮಾವ ನನ್ನ ಹೆಗಲಿನ ಬ್ಯಾಟ್ರಿ ಕಿತ್ತುಕೊಂಡು ಗುಂಡಿ ಒತ್ತಿದರು. ಬೆಳಕು ಬರಲಿಲ್ಲ. ಮತ್ತೆ ಒತ್ತಿದರು. ಸೆಲ್ಲಿದ್ದರೆ ತಾನೇ?

"ಓಡಬ್ಯಾಡ" ಎಂದರು ಮಾವ ಮೆಲ್ಲಗೆ. "ಮುಖ ತಿರುಗಿಸಬ್ಯಾಡ. ಹಿಂದಕ್ಕ ಹಿಂದಕ್ಕ ಬಾ."

ಅಕ್ಕ ಒಂದು ಹೆಜ್ಜೆ ಹಿಂದಿಟ್ಟಳು. ಕರಡಿ ಒಂದು ಹೆಜ್ಜೆ ಮುಂದಿಟ್ಟಿತು. ಮಾವ ಬರಿಗೈಯಲ್ಲೇ ಅವಳ ಕಡೆ ನಡೆದರು.

ಅಷ್ಟರಲ್ಲಿ ದಾರಿಯ ಕಡೆಯಿಂದ ಹಾಡು ಕೇಳಿಸಿತು. ಅಪ್ಪ ಶೇಂಗಾ ಹೊಟ್ಟು ಒಯ್ಯಲು ಗಾಡಿ ಹೊಡೆದುಕೊಂಡು ಬರುತ್ತಿದ್ದ. ಗಾಡಿಯಲ್ಲಿ ರೇಡಿಯೊ ಕಿವಿ ಹರಿಯುವಂತೆ ಒದರುತ್ತಿತ್ತು. ಕರಡಿ ಬೆಚ್ಚಿಬಿದ್ದು, ಗುಡ್ಡದ ಕಡೆ ಓಟ ಕಿತ್ತಿತು.

"ಯಾಕ್ರಿ ಅಳಿಯಂದ್ರ, ಎಲ್ಲಾರೂ ಗೊಂಬಿ ನಿಂತಂಗ ನಿಂತೀರಿ?" ಎಂದು ಅಪ್ಪ ಕೇಳಿದ. ಅಕ್ಕ ಕುಸಿದು ಕೂತು ಅತ್ತಳು. ಅಳುತ್ತಲೇ ನಗತೊಡಗಿದಳು. ನಾನು ಅವಳ ಸೆರಗು ಹಿಡಿದವನು ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಗಾಡಿಯಲ್ಲಿ ಮಾವ ತಾವಾಗಿಯೇ ಮಾತು ತೆಗೆದರು. "ಅಲ್ಲೂ ಹಿಂಗ ಆತು ನೋಡು. ಚಳಿಗಾಲದಾಗ ಆ ಹಿಮದಾಗ ಯಾರಿರ್ತಾರ ಅಂತ ನಾವು ಕೆಳಗ ಇಳೀತಿದ್ವಿ. ಅವರೂ ಇಳೀತಿದ್ರು. ಭಾಳ ವರ್ಷ ಹಂಗ ನಡದಿತ್ತು. ಆಗಷ್ಟ ಎರಡೂ ದೇಶದ ದೊಡ್ಡವರು ಕೈ ಕುಲುಕಿ ಮಾತಾಡಿದ್ರು. ಆ ಸಲ ನಾವು ಇಳಿದ್ವಿ, ಅವರು ಹತ್ತಿದ್ರು. ನಾವೇನು ಮಲಗಿದ್ದಿಲ್ಲಪ್ಪ. ನಮ್ಮ ಸುಗ್ಗಿ ಮುಗೀತಂದ್ರ ಅವರದೂ ಮುಗೀತು ಅಂತ ತಿಳಕೊಂಡಿದ್ವಿ."

ಅಪ್ಪ ರೇಡಿಯೊ ಬಂದ್ ಮಾಡಿ, ಸೆಲ್ಲು ತೆಗೆದು ಬ್ಯಾಟ್ರಿಗೆ ಹಾಕಿದ.

ಮೊನ್ನೆ ಸಂಜೆ ಅಕ್ಕನ ಮನೆಯಲ್ಲಿ ಇದನ್ನು ಹೇಳಿದಾಗ ಅವಳ ಮೊಮ್ಮಗ ನಕ್ಕ. "ಅದು ಆವಾಗಿನ ಮಾತು ಅಜ್ಜ. ಈಗ ಆಕಾಶದಾಗಿಂದನ ಎಲ್ಲಾ ಕಾಣ್ತೈತಿ. ಬ್ಯಾಟ್ರಿನೂ ಫೋನಿನಾಗ ಐತಿ." ಅವರ ಲೋಕವೇ ಹಾಗೆ. ನಮಗೆ ಮಾವನ ಕಾಗದ ಬರಲು ವಾರಗಟ್ಟಲೆ ಹಿಡಿಯುತ್ತಿತ್ತು, ಅವರಿಗೆ ಸುದ್ದಿ ಕಣ್ಣು ಮಿಟುಕಿಸುವುದರಲ್ಲಿ ಬರುತ್ತದೆ. ನನಗೆ ಅದು ಸಂತೋಷವೇ.

ಅಷ್ಟರಲ್ಲಿ ಕರೆಂಟು ಹೋಯಿತು. "ಎಲ್ಲೈತಪ್ಪ, ಹಚ್ಚು ನಿನ್ನ ಬ್ಯಾಟ್ರಿ" ಅಂದೆ. ಅವನು ಫೋನು ಒತ್ತಿದ. ಮತ್ತೆ ಒತ್ತಿದ. ಮಧ್ಯಾಹ್ನವೆಲ್ಲ ಆಟ ಆಡಿ ಅದರ ಚಾರ್ಜು ಮುಗಿದಿತ್ತು.

ಕತ್ತಲಲ್ಲಿ ಅಕ್ಕ ಎದ್ದ ಸದ್ದಾಯಿತು. ಬಾಗಿಲ ಹಿಂದಿನ ಗೂಟದಿಂದ ಏನನ್ನೋ ತೆಗೆದುಕೊಂಡಳು. ಟಕ್ ಎಂದು ಬೆಳಕು ಬಂತು. ಅವಳ ಬ್ಯಾಟ್ರಿಯಲ್ಲಿ ಸೆಲ್ಲಿದ್ದವು.