ಕೆಡ್ಡಸದಲ್ಲಿ ಅಗೆದ ಗಡ್ಡೆ

ಫೆಬ್ರವರಿ ಹತ್ತು, ಬೆಳಿಗ್ಗೆ ಏಳು ಗಂಟೆ. ಬಂಟ್ವಾಳದ ಮನೆಯ ಜಗಲಿಯಲ್ಲಿ ಇದ್ದದ್ದು ಇಬ್ಬರೇ: ನಾನು ಮತ್ತು ನನ್ನ ತಮ್ಮನ ಸೊಸೆ. ಅವಳು ಎಲ್ಲಿಂದಲೋ ತರಿಸಿದ ಪೊಟ್ಟಣ ಬಿಡಿಸುತ್ತಿದ್ದಳು. ಒಳಗಿನಿಂದ ಆರು ಗಡ್ಡೆಗಳು ಉರುಳಿದವು. ನೇರಳೆ ಬಣ್ಣದ ಸಿಪ್ಪೆ, ಬುಡದಲ್ಲಿ ಬೇರು ಹೊರಡುವ ಬಿಲ್ಲೆ. ನೋಡಲಿಕ್ಕೆ ಈರುಳ್ಳಿ, ವಾಸನೆ ಮಾತ್ರ ಈರುಳ್ಳಿಯದಲ್ಲ. ಮುಚ್ಚಿಟ್ಟ ಹಳೆಯ ಪೆಟ್ಟಿಗೆಯದ್ದು, ಸ್ವಲ್ಪ ಹಸಿ ಮಣ್ಣಿನದ್ದು... ಅರವತ್ತು ವರ್ಷದಿಂದ ಅದು ನನ್ನ ಮೂಗಿಗೆ ಬಿದ್ದಿರಲಿಲ್ಲ.

"ಹಯಸಿಂತ್ ಹೂವಿನ ಗಡ್ಡೆ, ಅತ್ತೆ. ಈಗಲೇ ನೆಟ್ಟುಬಿಡ್ತೇನೆ" ಎಂದಳು.

"ಇವತ್ತು ಬೇಡ. ಕೆಡ್ಡಸ ಉಂಟು. ಮೂರು ದಿನ ಕಳೆಯಲಿ."

"ಅಯ್ಯೋ, ನೀವು ಯಾವಾಗಿಂದ ಇದನ್ನೆಲ್ಲ ನಂಬಲಿಕ್ಕೆ ಸುರು ಮಾಡಿದ್ದು?" ಎಂದು ನಕ್ಕಳು.

ನಾನು ಒಳಗೆ ಹೋಗಿ ಸಾಬೂನು ಹಾಕಿ ಕೈ ತೊಳೆದುಕೊಂಡೆ. ಗಡ್ಡೆಯನ್ನು ನಾನು ಮುಟ್ಟಿಯೇ ಇರಲಿಲ್ಲ.

ಅರವತ್ತರ ದಶಕದ ಆರಂಭ. ನನಗೆ ಇಪ್ಪತ್ತೆರಡು. ಮೂಡುಬಿದಿರೆಯಿಂದ ಬೆಳುವಾಯಿಯ ಕಡೆಗೆ ಹೋಗುವ ದಾರಿಯಲ್ಲಿ ಹೆಣ್ಣುಮಕ್ಕಳ ಒಂದು ಸಣ್ಣ ಶಾಲೆ, ಅದಕ್ಕೆ ತಾಗಿ ಹಾಸ್ಟೆಲು. ಶಾಲೆಯ ಹೆಸರು ಬೇಡ. ಈಗ ಅದು ಇಲ್ಲ. ನಾನು ಅಲ್ಲಿ ಹೊಸ ಟೀಚರ್, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಾರ್ಚಿಯಲ್ಲಿ ಮುಖ್ಯೋಪಾಧ್ಯಾಯಿನಿ ನನ್ನ ಬಗ್ಗೆ ವರದಿ ಬರೆಯುವವರಿದ್ದರು. ಅವರನ್ನು ನಾವೆಲ್ಲ ದೊಡ್ಡ ಟೀಚರ್ ಎನ್ನುತ್ತಿದ್ದೆವು. ಘಟ್ಟದ ಮೇಲಿನವರು. ಐದಕ್ಕೆ ಏಳುವ ಗಂಟೆ, ಐದೂಕಾಲಕ್ಕೆ ಹಾಸಿಗೆ ಮಡಚಿರಬೇಕು, ಮಧ್ಯಾಹ್ನ ಎರಡರಿಂದ ಮೂರು ಮೌನದ ಗಂಟೆ. ಆ ಹೊತ್ತಿನಲ್ಲಿ ಟೀಚರುಗಳೂ ಕೋಣೆಯಿಂದ ಹೊರಗೆ ಕಾಲಿಡುವಂತಿಲ್ಲ. ಇವತ್ತಿಗೂ ನಾನು ಗಡಿಯಾರ ನೋಡದೆ ಸಮಯ ಹೇಳಬಲ್ಲೆನಾದರೆ ಅದು ಅವರ ಶಿಕ್ಷಣ.

ಆದರೆ ನಾನು ಬರೆಯಹೊರಟದ್ದು ಅವರ ಬಗ್ಗೆ ಅಲ್ಲ. ಶಾಲೆಯ ತೋಟ ನೋಡಿಕೊಳ್ಳುತ್ತಿದ್ದ ಹೆಂಗಸಿನ ಬಗ್ಗೆ. ಮಕ್ಕಳಿಗೆ ಅವರು ತೋಟದಕ್ಕ; ನನಗೂ ಹಾಗೆಯೇ. ಆಗ ಅವರಿಗೆ ನಲವತ್ತರ ಹತ್ತಿರ ಇರಬಹುದು. ಗಂಡ ತೀರಿಹೋಗಿದ್ದರು. ಹಾಸ್ಟೆಲಿನ ಹಿಂದಿನ ಒಂದು ಕೋಣೆಯಲ್ಲಿ ಮಗಳೊಂದಿಗೆ ಇದ್ದರು. ಮಗಳು ನಮ್ಮಲ್ಲೇ ಏಳನೆಯ ತರಗತಿ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಹುಡುಗಿಯ ಶಾಲೆಯೂ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಅಕ್ಟೋಬರಿನಲ್ಲಿ ಊಟಿಯಿಂದ ದೊಡ್ಡ ಟೀಚರರ ಗೆಳತಿ ಒಂದು ಡಜನ್ ಹಯಸಿಂತ್ ಗಡ್ಡೆ ಕಳಿಸಿದರು. ಜೊತೆಗೆ ಒಂದು ಕಾಗದ: ಎಂಟು ವಾರ ಚಳಿಯಲ್ಲಿ ಇಟ್ಟು ಆಮೇಲೆ ಬಯಲಿನಲ್ಲಿ ನೆಡಿ, ನಿಮ್ಮ ಸೆಕೆಯ ಊರಿನಲ್ಲೂ ಹೂ ಬರಬಹುದು. ನಮ್ಮಲ್ಲಿ ಚಳಿ ಎಲ್ಲಿಂದ ತರುವುದು? ಬಂಟ್ವಾಳದಲ್ಲಿ ನಮ್ಮ ಮನೆಯ ಹತ್ತಿರದ ಡಾಕ್ಟರರಲ್ಲಿ ಸೀಮೆಎಣ್ಣೆಯಲ್ಲಿ ನಡೆಯುವ ಫ್ರಿಜ್ ಇತ್ತು. ನಾನೇ ಬಸ್ಸಿನಲ್ಲಿ ಒಯ್ದು ಮದ್ದಿನ ಬಾಟಲಿಗಳ ಪಕ್ಕ ಇರಿಸಿ ಬಂದೆ. ಡಿಸೆಂಬರಿನಲ್ಲಿ ತರಲು ಹೋದಾಗ ಒಂದು ಕಡಿಮೆ. ಅವರ ಅಡುಗೆಯವನು ಸಾಂಬಾರಿಗೆಂದು ಒಂದನ್ನು ಕೊಯ್ದುಬಿಟ್ಟಿದ್ದ. ಎರಡು ದಿನ ಮೊಣಕೈಯವರೆಗೆ ತುರಿಕೆ, ಕೆಂಪು ದದ್ದು. "ಇದೆಂಥ ಈರುಳ್ಳಿ ಮಾರಾಯ್ರೆ, ಕಣ್ಣಲ್ಲಿ ನೀರು ಬರಿಸುವ ಬದಲು ಕೈಯಲ್ಲಿ ಬೆಂಕಿ ಬರಿಸ್ತದೆ" ಎಂದನಂತೆ. ಶಾಲೆಯಲ್ಲಿ ಈ ಕತೆ ಹೇಳಿ ಎಲ್ಲರನ್ನೂ ನಗಿಸಿದೆ. ದೊಡ್ಡ ಟೀಚರೂ ನಕ್ಕರು. ಗಡ್ಡೆಯ ಸಿಪ್ಪೆ ಚರ್ಮಕ್ಕೆ ಆಗುವುದಿಲ್ಲ ಎಂದು ಎಲ್ಲರಿಗೂ ತಿಳಿದದ್ದು ಹಾಗೆ.

ಉಳಿದ ಹನ್ನೊಂದರಲ್ಲಿ ಎರಡು ಕೊಳೆತಿದ್ದವು. ಒಂಬತ್ತನ್ನು ತೋಟದಕ್ಕ ನೆಟ್ಟರು. ಮುರಕಲ್ಲಿನ ಪುಡಿ ಮತ್ತು ಹೊಳೆಯ ಹೊಯ್ಗೆ ಮರಳು ಬೆರೆಸಿ ಏರು ಮಡಿ ಮಾಡಿ, ಮೇಲೆ ತೆಂಗಿನ ಮಡಲು ಹೆಣೆದು ಚಪ್ಪರ ಕಟ್ಟಿದರು. ಮುಂಜಾನೆ ಮಾತ್ರ ಬಿಸಿಲು. ನೀರು ಚಿಮುಕಿಸುವುದು ಕೈಯಿಂದ. ಜನವರಿ ಕೊನೆಗೆ ಒಂಬತ್ತರಲ್ಲೂ ಎಲೆಯ ನಡುವೆ ಹಸಿರು ತೆನೆಯಂಥ ಮೊಗ್ಗು ಕಾಣಿಸಿತು. ಮೊದಲ ಹೂವನ್ನು ಒಣಗಿಸಿ ಕಳಿಸುತ್ತೇನೆಂದು ದೊಡ್ಡ ಟೀಚರ್ ಊಟಿಗೆ ಬರೆದರು.

ಫೆಬ್ರವರಿಯ ಒಂದು ಶನಿವಾರ ಕೆಡ್ಡಸ ಸುರುವಾಯಿತು. ತುಳುನಾಡಿನವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ: ಆ ಮೂರು ದಿನ ಭೂಮಿ ತಾಯಿ ಮುಟ್ಟಾಗಿರುತ್ತಾಳೆಂದು ನಂಬಿಕೆ. ಯಾರೂ ಮಣ್ಣು ಅಗೆಯುವುದಿಲ್ಲ, ಹಸಿರು ಕೊಯ್ಯುವುದಿಲ್ಲ. ಕೊನೆಯ ದಿನ ಬೆಳಿಗ್ಗೆ ಮನೆಯ ಹೆಂಗಸರು ಅಂಗಳದಲ್ಲಿ ನೆಲಕ್ಕೆ ಎಣ್ಣೆ ಬಿಟ್ಟು, ಸೀಗೆ, ಅರಸಿನ, ಕುಂಕುಮ ಇಟ್ಟು ಅವಳ ಸ್ನಾನಕ್ಕೆ ಅಣಿ ಮಾಡುತ್ತಾರೆ.

ಆ ಶನಿವಾರವೇ ಹನ್ನೊಂದು ಗಂಟೆಗೆ ಐದು ಗಿಡಗಳ ಎಲೆ ಬಾಡಿ ಬಾಗಿದವು. ಹಿಂದಿನ ದಿನ ಗಾಳಿಗೆ ಚಪ್ಪರದ ಒಂದು ಬದಿ ಜಾರಿತ್ತು. ದೊಡ್ಡ ಟೀಚರ್ ಓಡಿ ಬಂದರು.

"ಕೆಳಗೆ ಗೆದ್ದಲು ಹಿಡಿದಿದೆ. ಅಗೆದು ನೋಡು."

ತೋಟದಕ್ಕ ತಲೆಯಾಡಿಸಿದರು. "ಗೆದ್ದಲು ಅಲ್ಲ ದೊಡ್ಡ ಟೀಚರ್. ಬಿಸಿಲು ತಾಗಿದ್ದು. ನೆರಳು ಮಾಡ್ತೇನೆ, ಸಂಜೆಗೆ ಏಳ್ತದೆ."

"ನಾನು ಅಗೆ ಅಂದೆ."

"ಇವತ್ತಿಂದ ಕೆಡ್ಡಸ. ಮೂರು ದಿನ ಕೊಟ್ಟು, ಗುದ್ದಲಿ ಮುಟ್ಟಲಿಕ್ಕಿಲ್ಲ. ಮಂಗಳವಾರ ನೀವು ಹೇಳುವ ಮೊದಲೇ ಅಗೆದಿರ್ತೇನೆ."

"ಗೆದ್ದಲು ಮಂಗಳವಾರದವರೆಗೆ ಉಪವಾಸ ಇರುತ್ತಾ? ನೋಡು, ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ. ಅಷ್ಟರಲ್ಲಿ ಅಗೆದಿರಬೇಕು. ಇಲ್ಲದಿದ್ದರೆ ಕೋಣೆ ಖಾಲಿ ಮಾಡು."

ನಾನು ಅಲ್ಲೇ ನಿಂತಿದ್ದೆ. ನಮ್ಮ ಮನೆಯಲ್ಲೂ ಕೆಡ್ಡಸ ಆಚರಿಸುತ್ತಿದ್ದರು. ಒಂದು ಮಾತು ನಾನು ಹೇಳಬಹುದಿತ್ತು. ಹೇಳಲಿಲ್ಲ... ವರದಿ ಮಾರ್ಚಿಯಲ್ಲಿ ಇತ್ತು.

ಆಮೇಲೆ ತೋಟದಕ್ಕನ ಕೋಣೆಯ ಬಾಗಿಲಿಗೆ ಹೋದೆ. ಅವರು ನನ್ನೆರಿ ಕಲಸುತ್ತಿದ್ದರು, ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ಕಾಯಿತುರಿ ಹಾಕಿ. ಒಂದು ಉಂಡೆ ನನ್ನ ಕೈಗಿಟ್ಟರು.

"ಅಕ್ಕ, ಒಂದು ಮುಷ್ಟಿ ಮಣ್ಣು ತೆಗೆದರೆ ಸಾಕು. ಯಾರು ನೋಡ್ತಾರೆ?"

"ಯಾರ ಮೈಮೇಲೆ ಕೊಟ್ಟಿನ ಪೆಟ್ಟು ಹಾಕ್ತೇನೋ ಅವಳಿಗೆ ಗೊತ್ತಾಗ್ತದಲ್ಲ ಟೀಚರೇ" ಎಂದರು. ಪಾತ್ರೆಗಳನ್ನು ಆಗಲೇ ಒಂದು ಗೋಣಿಯಲ್ಲಿ ತುಂಬಿದ್ದರು. ಮಗಳು ಮೂಲೆಯಲ್ಲಿ ಪುಸ್ತಕಗಳನ್ನು ದಾರದಲ್ಲಿ ಕಟ್ಟುತ್ತಿದ್ದಳು, ಮುಖ ಎತ್ತಲಿಲ್ಲ.

ಎರಡರ ಗಂಟೆ ಬಾರಿಸಿತು. ಮೌನ. ಯಾರಾದರೂ ಅಗೆದರೆ ಸಾಕು, ಅಪ್ಪಣೆ ನಡೆದಂತಾಗುತ್ತದೆ, ಕೋಣೆ ಉಳಿಯುತ್ತದೆ. ಇದು ನನ್ನ ಲೆಕ್ಕ. ಅಡುಗೆಮನೆಯ ಹಿಂದಿನಿಂದ ಒಂದು ತೆಂಗಿನ ಗೆರಟೆ ಹುಡುಕಿಕೊಂಡೆ. ಕಬ್ಬಿಣ ತಾಗದಿದ್ದರೆ ದೋಷ ಕಡಿಮೆ ಎಂದು ಯಾಕೆ ತೋರಿತೋ ತಿಳಿಯದು. ಮಡಿಯ ಪಕ್ಕ ಮೊಣಕಾಲೂರಿ ಬಾಡಿದ ಗಿಡಗಳ ಬುಡ ಕೆರೆದೆ. ಹಾಸ್ಟೆಲಿನ ಇಪ್ಪತ್ತು ಕಿಟಕಿಗಳು ನನ್ನ ಬೆನ್ನಿಗೆ ಇದ್ದವು. ಎಲ್ಲಿಯೋ ಒಂದು ಬಾಗಿಲು ಕಿರುಗುಟ್ಟಿದಾಗ ಉಸಿರು ಬಿಗಿ ಹಿಡಿದು ಕುಳಿತೆ. ಯಾರೂ ಬರಲಿಲ್ಲ.

ಮೊದಲ ಗಡ್ಡೆ ಎತ್ತಿದೆ. ಗೆದ್ದಲು ಇಲ್ಲ. ಎರಡನೆಯದು, ಮೂರನೆಯದು... ಇಲ್ಲ. ಐದೂ ಗಟ್ಟಿಯಾಗಿದ್ದವು. ಬೇರು ಬಿಳಿ ನೂಲಿನಂತೆ ಹಬ್ಬಿತ್ತು. ನಾನು ಎತ್ತುವಾಗ ಅದು ಪಟಪಟನೆ ಹರಿಯಿತು. ಆ ಸದ್ದು ಕೇಳಿದ ಮೇಲೂ ನಾನು ನಿಲ್ಲಿಸಲಿಲ್ಲ. ತಿರುಗಿ ಹೂಳಿ, ಮಣ್ಣು ತಟ್ಟಿ, ಮೂರಕ್ಕೆ ಮೊದಲು ಕೋಣೆ ಸೇರಿದೆ. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಬೆರಳ ಸಂದುಗಳಲ್ಲಿ ತುರಿಕೆ ಹತ್ತಿತು. ರಾತ್ರಿ ಊಟಕ್ಕೆ ಕುಳಿತಾಗ ಎರಡೂ ಕೈ ಕೆಂಪು. ಸೆರಗಿನೊಳಗೆ ಅಡಗಿಸಿಕೊಂಡು ಉಂಡೆ.

ಭಾನುವಾರ ಏಳು ಗಂಟೆ. ಐದು ಗಿಡಗಳೂ ನೆಲಕ್ಕೆ ಮಲಗಿದ್ದವು, ಮೊಗ್ಗಿನ ತೆನೆ ಸಮೇತ. ದೊಡ್ಡ ಟೀಚರ್ ಮಣ್ಣು ನೋಡಿದರು, ಬಗ್ಗಿ ಒಂದು ಗಡ್ಡೆ ಎತ್ತಿ ಅದರ ಹರಿದ ಬೇರು ನೋಡಿದರು. ಟೀಚರುಗಳು, ಅಡುಗೆಯವಳು, ದೊಡ್ಡ ತರಗತಿಯ ಹುಡುಗಿಯರು ಎಲ್ಲರೂ ಸಾಲಾಗಿ ನಿಂತೆವು.

"ಇದು ಕೆಲಸ ಬಲ್ಲವರ ಕೈ ಅಲ್ಲ. ಯಾರು?"

ದೊಡ್ಡ ಟೀಚರ್ ಕೈಯಲ್ಲಿದ್ದ ಗಡ್ಡೆಯನ್ನು ಮಡಿಯ ಮೇಲೆ ಇಟ್ಟರು.

"ಸರಿ. ಎಲ್ಲರೂ ಕೈ ಮುಂದೆ ಮಾಡಿ."

ಸಾಲಿನ ತುದಿಯಿಂದ ಅವರು ನೋಡುತ್ತಾ ಬಂದರು. ಮೊದಲ ಹುಡುಗಿ. ಎರಡನೆಯವಳು. ನಾನು ಆರನೆಯವಳು. ಮಡಿಯ ಆಚೆ ನಿಂತಿದ್ದ ತೋಟದಕ್ಕ ದೊಡ್ಡ ಟೀಚರರನ್ನು ನೋಡುತ್ತಿರಲಿಲ್ಲ. ನನ್ನ ಸೆರಗನ್ನು ನೋಡುತ್ತಿದ್ದರು. ನಾಲ್ಕನೆಯವಳ ಕೈ ನೋಡಿ ಆಗುವಾಗ ಅವರು ಮುಂದೆ ಬಂದರು.

"ಕೈ ನೋಡುವುದು ಬೇಡ. ನಾನೇ ಅಗೆದದ್ದು. ನೀವೇ ಹೇಳಿದ್ರಲ್ಲ."

"ನೀನಾ? ಎಲ್ಲಿ, ಕೈ ತೋರಿಸು. ಏನೂ ಆಗಿಲ್ಲವಲ್ಲ?"

"ಈ ಕೈಯಲ್ಲಿ ತುರಿಸುವ ಚರ್ಮ ಎಲ್ಲಿ ಉಳಿದಿದೆ ದೊಡ್ಡ ಟೀಚರ್? ಹೆದರಿಕೆಯಲ್ಲಿ ಅಗೆದೆ. ಬೇರು ಹರಿಯಿತು."

ಅಡುಗೆಯವಳು "ಅಯ್ಯೋ, ಕೆಡ್ಡಸದಲ್ಲಿ!" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ದೊಡ್ಡ ಟೀಚರ್ "ಹೋಗು, ಹೇಳಿದ ಮಾತು ಕೇಳಿದ್ದೀಯ. ಕೋಣೆಯಲ್ಲಿ ಇರು" ಎಂದರು. ಸಾಲು ಚದುರಿತು. ನನ್ನ ಕೈ ಸೆರಗಿನೊಳಗೆ ಉಳಿಯಿತು. ಬಾಯಿಯೂ ಮುಚ್ಚಿಯೇ ಉಳಿಯಿತು.

ಮಧ್ಯಾಹ್ನ ಅವರಲ್ಲಿಗೆ ಹೋದೆ. ಬಾಗಿಲಲ್ಲೇ ನಿಂತೆ. "ಕೊಬ್ಬರಿ ಎಣ್ಣೆ ಹಚ್ಚಿ ಟೀಚರೇ, ಉರಿ ಕಡಿಮೆ ಆಗ್ತದೆ" ಎಂದು ಕುಪ್ಪಿ ಕೊಟ್ಟರು. ಅಷ್ಟೇ. ಗೋಣಿಯಿಂದ ಪಾತ್ರೆಗಳನ್ನು ಹೊರಗೆ ತೆಗೆಯುತ್ತಿದ್ದರು.

ಅಡುಗೆಯವಳ ಬಾಯಿಂದ ಸುದ್ದಿ ಸಂಜೆಯೊಳಗೆ ಸುತ್ತಲಿನ ಮನೆಗಳಿಗೆ ಹೋಗಿತ್ತು. ಶಾಲೆಯ ಹಿಂದಿನ ಮನೆ ತೋಟದಕ್ಕನ ಗಂಡನ ಅಕ್ಕನದು. ಪ್ರತಿ ವರ್ಷ ಕೊನೆಯ ಕೆಡ್ಡಸದಂದು ಆ ಅಂಗಳದಲ್ಲೇ ಹತ್ತು ಹನ್ನೆರಡು ಹೆಂಗಸರು ಸೇರಿ ಎಣ್ಣೆ ಬಿಡುವುದು. ಸೋಮವಾರ ಸೂರ್ಯ ಏಳುವ ಹೊತ್ತು ನಾನು ಬಾವಿಕಟ್ಟೆಯಿಂದ ನೋಡಿದೆ. ತೋಟದಕ್ಕ ಮಿಂದು, ಒದ್ದೆ ಕೂದಲು ಗಂಟುಹಾಕಿ, ಎಣ್ಣೆಯ ಗಿಂಡಿ ಹಿಡಿದು ಅಂಗಳಕ್ಕೆ ಹೋದರು. ಗಂಡನ ಅಕ್ಕ ಎದ್ದು ಬಂದು ಅಡ್ಡ ಕೈ ಇಟ್ಟರು.

"ನೀನು ಬೇಡ. ಗಾಯ ಮಾಡಿದ ಕೈಯಲ್ಲೇ ಎಣ್ಣೆ ಹಚ್ಚುವುದಾ?"

ತೋಟದಕ್ಕ ಗಿಂಡಿಯನ್ನು ಮೆಟ್ಟಿಲ ಮೇಲೆ ಇಟ್ಟು ತಿರುಗಿದರು. ನನ್ನ ಎದುರೇ ಹಾದುಹೋದರು. ನಾನು ಕೊಡದ ಹಗ್ಗ ಹಿಡಿದುಕೊಂಡೇ ಇದ್ದೆ. ಐದು ಹೆಜ್ಜೆ ನಡೆದು ಆ ಅಂಗಳದಲ್ಲಿ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು.

ಮುಟ್ಟದೆ ಬಿಟ್ಟ ನಾಲ್ಕು ಗಿಡಗಳು ಮುಂದಿನ ವಾರ ಹೂ ಬಿಟ್ಟವು. ದಂಟು ಗಿಡ್ಡ, ನೆಲಕ್ಕೆ ತಾಗಿಯೇ ನೀಲಿ ಗೊಂಚಲು. ಪರಿಮಳ ತರಗತಿಯೊಳಗೆ ಬರುತ್ತಿತ್ತು. ಉಳಿದ ಐದನ್ನು ತೋಟದಕ್ಕ ಕಿತ್ತು ಬೇಲಿಯಾಚೆ ಎಸೆದರು. ಮಾರ್ಚಿಯಲ್ಲಿ ನನ್ನ ವರದಿ ಚೆನ್ನಾಗಿ ಬಂತು. "ಶಿಸ್ತಿಗೆ ಮಾದರಿ" ಎಂದು ಬರೆದಿದ್ದರು. ಪರೀಕ್ಷೆ ಮುಗಿದ ಮೇಲೆ ತೋಟದಕ್ಕ ತಾವಾಗಿಯೇ ಕೋಣೆ ಬಿಟ್ಟು, ಮಗಳನ್ನು ಕರೆದುಕೊಂಡು ಕನ್ಯಾನದ ಅಣ್ಣನ ಮನೆಗೆ ಹೋದರು. ಬಸ್ಸಿನವರೆಗೆ ಗೋಣಿ ಹೊತ್ತದ್ದು ನಾನು. ಆಗಲೂ ಇಬ್ಬರೂ ಆ ಮಾತು ಎತ್ತಲಿಲ್ಲ.

ಬಹಳ ವರ್ಷಗಳ ನಂತರ ಧೈರ್ಯ ಮಾಡಿ ಕನ್ಯಾನಕ್ಕೆ ಹೋದೆ. ಹಿಂದಿನ ಮಳೆಗಾಲದಲ್ಲೇ ಅವರು ತೀರಿಹೋಗಿದ್ದರು. ಮಗಳು ಮಜ್ಜಿಗೆ ಕೊಟ್ಟು ಕೂರಿಸಿದಳು. ಮಾತಿಗೆ ಮಾತು ಬಂದು, "ಅಮ್ಮ ಇಲ್ಲಿಗೆ ಬಂದ ಮೇಲೆ ಒಂದು ಕೆಡ್ಡಸದಲ್ಲೂ ಎಣ್ಣೆ ಬಿಡಲಿಲ್ಲ ಟೀಚರ್. ಮಾಮಿ ಕರೆದರೆ, ನನಗೆ ಆಗುವುದಿಲ್ಲ, ನೀವು ಬಿಡಿ ಅಂತ ಒಳಗೇ ಇರ್ತಿದ್ದರು" ಎಂದಳು. ಹೇಳಿದ ಸುಳ್ಳನ್ನು ಅವರು ತಮ್ಮ ಅಣ್ಣನ ಮನೆಯಲ್ಲೂ ಬಿಚ್ಚಲಿಲ್ಲ; ಮಾಡದ ತಪ್ಪಿನ ಶಿಕ್ಷೆಯನ್ನು ಕೊನೆಯವರೆಗೆ ಉಂಡರು. ನಾನು ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು, ಎದ್ದು ಬಂದೆ.

ಆ ಮಗಳು ಈಗ ಬೆಳ್ತಂಗಡಿಯಲ್ಲಿ ಮೊಮ್ಮಕ್ಕಳೊಂದಿಗೆ ಇದ್ದಾಳೆ. ಇವತ್ತು ಹನ್ನೊಂದಕ್ಕೆ ಮೇಜಿನೆದುರು ಕುಳಿತೆ. ಮೂರು ಕಾಗದ ಹರಿದೆ. ನಾಲ್ಕನೆಯದರಲ್ಲಿ ಕಾರಣಗಳನ್ನು ಬರೆಯಲಿಲ್ಲ. ಆ ಶನಿವಾರ ಮೌನದ ಗಂಟೆಯಲ್ಲಿ ಗಡ್ಡೆ ಅಗೆದದ್ದು ನಾನು, ನಿನ್ನ ಅಮ್ಮ ಮೂರು ದಿನವೂ ಮಣ್ಣು ಮುಟ್ಟಲಿಲ್ಲ, ಇದನ್ನು ನಿನ್ನ ಸೋದರತ್ತೆಯ ಮನೆಯಲ್ಲಿ ಈಗ ಇರುವವರಿಗೂ ಓದಿ ಹೇಳು ಎಂದು ಬರೆದು, ಪೂರ್ತಿ ಹೆಸರು ಹಾಕಿದೆ. ಕೇಳಬೇಕಾದವರು ಇಲ್ಲ. ಅದು ಗೊತ್ತಿದ್ದೇ ಬರೆದೆ.

ತಮ್ಮನ ಸೊಸೆ "ನಾನು ಹಾಕಿ ಬರ್ತೇನೆ, ಕೊಡಿ ಅತ್ತೆ" ಎಂದಳು. ಕೊಡಲಿಲ್ಲ. ಕೋಲು ಹಿಡಿದು ನಾನೇ ಅಂಚೆ ಕಚೇರಿಗೆ ಹೋಗಿ, ಮೂರೂವರೆಗೆ ಡಬ್ಬಕ್ಕೆ ಹಾಕಿದೆ. ನಾಲ್ಕರ ಟಪಾಲಿಗೆ ಸಿಕ್ಕಿತು.