ಬಲಗಾಲಡಿಯ ಕಾಗದ

ಕಾಂಗ್ ಯೂಜೆನ್‌ಗೆ ಲಕ್ವ ಹೊಡೆದದ್ದು ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಾಗ. ಕೈಯಲ್ಲಿದ್ದ ಲಟ್ಟಣಿಗೆ ಜಾರಿ ನೆಲಕ್ಕೆ ಬಿತ್ತು. ಅವಳು ಲಟ್ಟಣಿಗೆಗೆ ಬೈದಳು. ಎತ್ತಿಕೊಳ್ಳಲು ಬಗ್ಗಿದರೆ ಬಲಗೈ ಮೇಜಿನ ಮೇಲೇ ಉಳಿಯಿತು. ಅದಕ್ಕೂ ಬೈದಳು. ಆದರೆ ಆ ಬೈಗುಳ ಬಾಯಿಂದ ಹೊರಬಿದ್ದಾಗ ಬರೀ ಗೊರಗೊರ ಸದ್ದಾಗಿತ್ತು. ಬೈಯಲು ಬಾರದ ಸ್ಥಿತಿ ಅವಳ ಅರವತ್ತೊಂದು ವರ್ಷದಲ್ಲಿ ಹಿಂದೆಂದೂ ಬಂದಿರಲಿಲ್ಲ. ಹೆದರಿ ಕುಸಿದಳು.

ಮೂರು ವಾರ ಹಾನ್‌ದಾನ್ ನಗರದ ಆಸ್ಪತ್ರೆಯಲ್ಲಿದ್ದು ಗ್ವಾಂಗ್‌ಫು ಕೋಟೆಯೊಳಗಿನ ಮನೆಗೆ ಮರಳುವಷ್ಟರಲ್ಲಿ ಮಾತು ಬಹುಮಟ್ಟಿಗೆ ವಾಪಸಾಗಿತ್ತು. ಬಲಗೈ, ಬಲಗಾಲು ಮಾತ್ರ ಬಂದಿರಲಿಲ್ಲ. ನಾಲ್ಕು ಕಾಲಿನ ಒಂದು ಊರುಗೋಲು ಕೊಟ್ಟು ಕಳಿಸಿದ್ದರು. ಬೆರಳಿಗೆ ವ್ಯಾಯಾಮವೆಂದು ತಟ್ಟೆಯಿಂದ ಬಟ್ಟಲಿಗೆ ಒಂದೊಂದೇ ಕಡಲೆಕಾಯಿ ಬೀಜ ಎತ್ತಿಹಾಕಲು ಹೇಳಿದ್ದರು. ಮೂರನೇ ದಿನ ತಟ್ಟೆ, ಬಟ್ಟಲು, ಬೀಜ ಎಲ್ಲ ಅಂಗಳದಲ್ಲಿದ್ದವು.

ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು, ನಿಧಾನವಾಗಿ ಸರಿಹೋಗುತ್ತೆ. ಆ ‘ನಿಧಾನ’ ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಅವಳು ಇಪ್ಪತ್ತೊಂಬತ್ತು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು. ಇಪ್ಪತ್ನಾಲ್ಕು ಮಗ್ಗಗಳ ನಡುವೆ ಬಿರಬಿರನೆ ಓಡಾಡಿ, ಕಡಿದ ಎಳೆಯನ್ನು ಪಕ್ಕದವಳು ನೋಡುವ ಮೊದಲೇ ಗಂಟುಹಾಕಿ ಮುಂದೆ ಹೋಗುತ್ತಿದ್ದವಳು. ಊಟ ಐದು ನಿಮಿಷ, ಸ್ನಾನ ಮೂರು ನಿಮಿಷ. ಜಗತ್ತಿನಲ್ಲಿ ಅವಳ ಕಣ್ಣಿಗೆ ಕಾಣುವ ಸೋಮಾರಿಗಳಲ್ಲಿ ಮೊದಲನೆಯವನು ಅವಳ ಗಂಡ ಲಿಯಾಂಗ್ ಬಾವ್‌ಶಾನ್. ಅದೇ ಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಗ್ಗೆ ಕೋಟೆಗೋಡೆಯ ಕೆಳಗಿನ ಬಯಲಿಗೆ ಹೋಗಿ, ನಿಧಾನವಾಗಿ ಕೈಕಾಲು ಆಡಿಸುವ ತೈಚಿ ಮಾಡುತ್ತಿದ್ದ. ಅವಳ ಬಾಯಲ್ಲಿ ಅದರ ಹೆಸರು ‘ಸೊಳ್ಳೆ ಓಡಿಸೋದು’.

ಈಗ ಅವಳ ಷರಾಯಿಯ ಲಾಡಿ ಕಟ್ಟುವ ಕೆಲಸ ಆ ಬಾವ್‌ಶಾನನದು.

"ಇನ್ನೂ ಆಗ್ಲಿಲ್ವಾ? ಒಂದು ಗಂಟು ಹಾಕೋಕೆ ಎಷ್ಟು ಹೊತ್ತು?"

"ಬಿಗಿಯಾದ್ರೆ ಹೊಟ್ಟೆ ಒತ್ತುತ್ತೆ ಅಂತೀಯ, ಸಡಿಲ ಬಿಟ್ರೆ ಜಾರುತ್ತೆ ಅಂತೀಯ."

"ಗಿರಣೀಲಿ ನಾನು ಇಷ್ಟು ಹೊತ್ತಲ್ಲಿ ನೂರು ಗಂಟು ಹಾಕ್ತಿದ್ದೆ!"

"ಗೊತ್ತು ಮಾರಾಯ್ತಿ. ಸ್ವಲ್ಪ ಅಲ್ಲಾಡದೆ ನಿಲ್ಲು."

ಮಗಳು ಎಲಾಸ್ಟಿಕ್ ಇರುವ ಷರಾಯಿಗಳನ್ನು ತಂದುಕೊಟ್ಟಿದ್ದಳು. "ಎಲಾಸ್ಟಿಕ್ ಹಾಕ್ಕೊಳ್ಳೋಕೆ ನಾನೇನು ಮೂರು ವರ್ಷದ ಕೂಸಾ?" ಎಂದು ಯೂಜೆನ್ ಅವನ್ನು ಪೆಟ್ಟಿಗೆಯ ತಳಕ್ಕೆ ತುರುಕಿಸಿದ್ದಳು.

ಜೂನ್‌ನಲ್ಲಿ ಒಂದು ದಿನ ಬಾವ್‌ಶಾನ್ ಬಯಲಿಗೆ ಹೋಗಿದ್ದಾಗ ಅವಳು ಒಬ್ಬಳೇ ಬಚ್ಚಲಿಗೆ ಹೋಗಿ ಬಿದ್ದಳು. ಮುಕ್ಕಾಲು ಗಂಟೆ ಒದ್ದೆ ನೆಲಕ್ಕೆ ಕೆನ್ನೆಯೊತ್ತಿ ಬಿದ್ದಿದ್ದಳು. ಗಂಡ ಬಂದು ಎತ್ತಿ ಕೂರಿಸಿ, ಬಾಗಿಲ ಮರೆಗೆ ಹೋಗಿ ಅತ್ತ. ಮರುದಿನ ಅವನು ಬಯಲಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಬೆಳಗಿನಿಂದ ಸಂಜೆತನಕ ಅವನು ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಅವಳು ಕೆಮ್ಮಿದರೆ ಏಳುವುದು, ಕಾಲು ಸರಿಸಿದರೆ ಏಳುವುದು. ನಾಲ್ಕನೇ ದಿನ ಅವಳಿಗೆ ತಡೆಯಲಾಗಲಿಲ್ಲ.

"ಹೋಗು ಮಾರಾಯ, ನಿನ್ನ ಸೊಳ್ಳೆ ಓಡಿಸು ಹೋಗು!"

"ನಿನ್ನ ಒಬ್ಬಳನ್ನೇ ಬಿಟ್ಟು ಹೋಗಲ್ಲ."

"ಹಾಗಾದ್ರೆ ನನ್ನನ್ನೂ ಎತ್ಕೊಂಡು ಹೋಗು. ಬೆಂಚಿನ ಮೇಲೆ ಮೂಟೆ ಇಟ್ಟ ಹಾಗೆ ಇಡು. ಇಲ್ಲಿ ನಿನ್ನ ಮುಖ ನೋಡೋದಕ್ಕಿಂತ ಅದೇ ವಾಸಿ."

ಬಯಲಿನಲ್ಲಿ ಕಲಿಸುತ್ತಿದ್ದವನು ಶ್ವೆ ಎಂಬವನು. ಊರಿಗೆಲ್ಲ ಶ್ವೆ ಮೇಷ್ಟ್ರು. ಬೆಳಗ್ಗೆ ತೈಚಿ, ಆಮೇಲೆ ಕೋಟೆಯ ಪೂರ್ವ ಬಾಗಿಲ ಹತ್ತಿರ ಕತ್ತೆ ಮಾಂಸದ ಅಂಗಡಿ. ಯೂಜೆನ್‌ಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು, ಅವಳದೇ ಓಣಿಯಲ್ಲಿ ಬೆಳೆದವನು. ಮೂಗು ಸುರಿಸಿಕೊಂಡು ಅಲೆಯುತ್ತಿದ್ದಾಗ ಅವನ ಕಿವಿಯನ್ನು ಅವಳು ಎಷ್ಟು ಸಲ ಹಿಂಡಿದ್ದಳೋ ಲೆಕ್ಕವಿಲ್ಲ.

ಒಂದು ವಾರ ಅವನು ಅವಳನ್ನು ಬೆಂಚಿನ ಮೇಲೆ ಕೂರಲು ಬಿಟ್ಟ. ಆಮೇಲೆ ಬಾವ್‌ಶಾನನಿಗೆ ಆಸ್ಪತ್ರೆಯ ಡಾಕ್ಟರನ್ನು ಕೇಳಿಕೊಂಡು ಬರಲು ಹೇಳಿದ. ಮಾತ್ರೆ ತಪ್ಪಿಸಬಾರದು, ಪಕ್ಕದಲ್ಲಿ ಒಬ್ಬರು ಇರಲೇಬೇಕು, ಹಾಗಿದ್ದರೆ ಮಾಡಿಸಿ ಎಂದರು ಡಾಕ್ಟರು. ಮರುದಿನ ಶ್ವೆ ಒಂದು ಮರದ ಕುರ್ಚಿ ತಂದು ಅವಳ ಮುಂದಿಟ್ಟ.

"ಯೂಜೆನಕ್ಕ, ಇದರ ಬೆನ್ನು ಹಿಡ್ಕೊಂಡು ನಿಂತ್ಕೊಳ್ಳಿ."

"ನಿಂತು?"

"ಭಾರ ಎಡಗಾಲಿಗೆ ಹಾಕಿ. ಆಮೇಲೆ ಬಲಗಾಲಿಗೆ. ಆಮೇಲೆ ಎಡಕ್ಕೆ."

"ಆಮೇಲೆ?"

"ಆಮೇಲೆ ಬಲಕ್ಕೆ."

ಅಷ್ಟೇ. ಮರುದಿನವೂ ಅಷ್ಟೇ. ಉಳಿದವರು ಕೈ ಬೀಸಿ ಹಂಸದ ಹಾಗೆ ತೇಲಾಡುತ್ತಿದ್ದರೆ ಅವಳು ಕುರ್ಚಿ ಹಿಡಿದು ಗಡಿಯಾರದ ಲೋಲಕದಂತೆ ಅತ್ತ ಇತ್ತ. ಎರಡು ವಾರ ಕಳೆಯಿತು. ಅವಳು ಸಿಡುಕಿದಳು, "ಮುಂದಿನದು ಹೇಳಿಕೊಡೋ."

"ಇನ್ನೂ ಇದೇ ಬಂದಿಲ್ಲ ಅಕ್ಕ. ಬಲಗಾಲ ಮೇಲೆ ನೀವು ನಿಲ್ತಾನೇ ಇಲ್ಲ."

"ನಿಂತಿದೀನಲ್ಲೋ! ಕಣ್ಣು ಕಾಣಲ್ವಾ?"

ಶ್ವೆ ಜೇಬಿನಿಂದ ಮಾಂಸ ಸುತ್ತುವ ಕಂದು ಕಾಗದದ ಒಂದು ತುಂಡು ತೆಗೆದು, ಅವಳ ಬಲಗಾಲನ್ನು ಎತ್ತಿ ಅದರ ಕೆಳಗಿಟ್ಟ. "ಈಗ ಭಾರ ಹಾಕಿ." ಅವಳು ಹಲ್ಲು ಕಚ್ಚಿ ಹಾಕಿದಳು. ಅವನು ಬಗ್ಗಿ ಎರಡು ಬೆರಳಲ್ಲಿ ಎಳೆದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕಾಗದ ಈಚೆ ಬಂತು.

"ಎಡಗಾಲಿಗೂ ಇಟ್ಟು ನೋಡೋಣ," ಎಂದ. ಅಲ್ಲಿ ಕಾಗದ ಹರಿಯಿತೇ ಹೊರತು ಬರಲಿಲ್ಲ.

ಅಂದಿನಿಂದ ಅವಳ ಜೀವನ ಆ ಕಾಗದವಾಯಿತು. ದಿನಕ್ಕೆ ಹತ್ತು ಸಲ ಇಡುವನು, ಹತ್ತು ಸಲ ಎಳೆಯುವನು. ಸೊಂಟ ಬಾಗಿಸಿ ಮೋಸ ಮಾಡಿ ನೋಡಿದಳು, ಹೆಬ್ಬೆರಳಿಂದ ಒತ್ತಿ ನೋಡಿದಳು. ಪ್ರತಿ ಸಲವೂ ಕಾಗದ ಅವನ ಕೈಯಲ್ಲಿ. ಅವನ ಮುಖದಲ್ಲಿ ನಗುವಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು. ಅದೂ ಇಲ್ಲ. "ಮತ್ತೆ," ಎನ್ನುವನು.

ಆರನೇ ವಾರ ಅವಳ ತಾಳ್ಮೆ ಕಡಿದುಹೋಯಿತು. ಬಯಲಿನ ಇಪ್ಪತ್ತು ಜನರ ಮುಂದೆ ಊರುಗೋಲನ್ನು ನೆಲಕ್ಕೆ ಕುಟ್ಟಿದಳು.

"ಲೋ ಶ್ವೆ! ಕತ್ತೆ ಕಡಿದು ಕಡಿದು ನಿಂಗೆ ಮನುಷ್ಯರೂ ಕತ್ತೆಗಳ ಹಾಗೆ ಕಾಣ್ತಾರಾ? ಗೂಟಕ್ಕೆ ಕಟ್ಟಿ ನಿಲ್ಲಿಸಿದೀಯಲ್ಲ! ನಾಳೆಯಿಂದ ನಾನು ಬರಲ್ಲ. ನಿನ್ನ ಕಾಗದದಲ್ಲಿ ಮಾಂಸ ಸುತ್ತು."

"ಆಯ್ತಕ್ಕ," ಎಂದ ಶ್ವೆ. ಬೇಡಿಕೊಳ್ಳಲೂ ಇಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

ಮನೆಯಲ್ಲಿ ಹನ್ನೊಂದು ದಿನ ಕೂತಳು. ಬಾವ್‌ಶಾನ್ ಲಾಡಿ ಕಟ್ಟುತ್ತಿದ್ದ, ಬಿಚ್ಚುತ್ತಿದ್ದ. ಹನ್ನೆರಡನೇ ದಿನ ಮಧ್ಯಾಹ್ನ ಅವನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಾಗ, ಅವಳು ನೀರು ಕುಡಿಯಲೆಂದು ಅಡುಗೆಮನೆಗೆ ಹೋದಳು. ಪಕ್ಕದ ಮನೆಯ ಬೆಕ್ಕು ಕಿಟಕಿಯಿಂದ ಒಳಗೆ ನುಗ್ಗಿ, ತೊಳೆದಿಟ್ಟ ಮೀನಿಗೆ ಬಾಯಿ ಹಾಕುತ್ತಿತ್ತು.

"ಹಾಳಾದ್ದೇ!" ಎಂದು ಎಡಗೈಯಲ್ಲಿದ್ದುದನ್ನು ಎತ್ತಿ ಬೀಸಿದಳು. ಬೆಕ್ಕು ಹಾರಿಹೋಯಿತು. ಎರಡು ಬಟ್ಟಲು ಒಡೆದವು. ಇನ್ನೊಂದು ಸಲ ಬೀಸಲು ಕೈ ಎತ್ತಿದವಳು ಹಾಗೆಯೇ ನಿಂತಳು. ಕೈಯಲ್ಲಿದ್ದದ್ದು ಊರುಗೋಲು. ಅದರ ನಾಲ್ಕೂ ಕಾಲುಗಳು ಗಾಳಿಯಲ್ಲಿದ್ದವು. ಆಧಾರಕ್ಕೆಂದು ಅವಳು ಯಾವುದನ್ನೂ ಹಿಡಿದಿರಲಿಲ್ಲ.

ಸದ್ದು ಕೇಳಿ ಓಡಿಬಂದ ಬಾವ್‌ಶಾನ್ ಹೊಸ್ತಿಲಲ್ಲಿ ಸ್ತಬ್ಧನಾದ.

"ಹಿಡ್ಕೋಬೇಡ," ಎಂದಳು. "ದೂರ ನಿಲ್ಲು. ಎಷ್ಟು ಹೊತ್ತು ನಿಲ್ತೀನಿ ನೋಡು." ಅವನು ಬಾಯಲ್ಲಿ ಎಣಿಸತೊಡಗಿದ. ಹದಿನೇಳಕ್ಕೆ ಅವಳು ಗೋಡೆ ಹಿಡಿದಳು.

ಮರುದಿನ ಬೆಳಗ್ಗೆ ಅವಳು ಬಯಲಿಗೆ ಹೋಗಿ ಕುರ್ಚಿ ಎಲ್ಲಿ ಎಂದು ಕೇಳಿದಳು. ಶ್ವೆ ಕುರ್ಚಿ ತಂದ. ಏಕೆ ಬಂದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಬೈಯುವುದಕ್ಕೆಂದು ಅವಳು ದಾರಿಯಲ್ಲೇ ನಾಲ್ಕು ಮಾತು ಜೋಡಿಸಿಕೊಂಡು ಬಂದಿದ್ದಳು, ಅವು ದಂಡವಾದವು.

ಸೆಪ್ಟೆಂಬರಿನ ಕೊನೆಯ ವಾರ ಶ್ವೆ ಎಂದಿನಂತೆ ಬಗ್ಗಿ ಕಾಗದ ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಅರ್ಧ ಹರಿದು ಅವನ ಕೈಗೆ ಬಂತು, ಉಳಿದರ್ಧ ಅವಳ ಪಾದದ ಕೆಳಗೇ ಇತ್ತು. ಅವನು ಹರಿದ ತುಂಡನ್ನು ಅವಳ ಕಣ್ಣಿನ ಮುಂದೆ ಹಿಡಿದ. ಯೂಜೆನ್ ಅದನ್ನು ನೋಡಿದಳು, ಮುಖ ಆಚೆ ತಿರುಗಿಸಿದಳು. ಎಡತೋಳಿಗೆ ಕಣ್ಣೊರೆಸಿಕೊಂಡಳು.

"ಏನು ನೋಡ್ತೀಯೋ? ಮುಂದಿನದು ಹೇಳಿಕೊಡು," ಎಂದಳು.

ಮುಂದಿನದು ಒಂದು ಹೆಜ್ಜೆ. ಅದಕ್ಕೆ ಒಂದು ತಿಂಗಳು ಹಿಡಿಯಿತು. ಪಾದ ಇಡುವ ಮೊದಲು ಇನ್ನೊಂದು ಕಾಲು ಪೂರ್ತಿ ಭಾರ ಹೊರಬೇಕು, ಸೊಂಟ ತಿರುಗಬೇಕು, ಅದರ ಜೊತೆಗೇ ಕೈಯೂ ತಿರುಗಬೇಕು. ಬರದ ಬಲಗೈಯನ್ನು ಎಡಗೈಯಿಂದ ಹಿಡಿದು ಹೊತ್ತೊಯ್ಯಬೇಕು. ಅವಳಿಗೆ ಒಂದು ದಿನವೂ ಅದು ಇಷ್ಟವಾಗಲಿಲ್ಲ. ತೈಚಿ ಮಾಡುವಾಗ ಮನಸ್ಸು ಶಾಂತವಾಗುತ್ತದೆ ಎಂದು ಪಕ್ಕದ ನಿವೃತ್ತ ಪೋಸ್ಟ್‌ಮಾಸ್ಟರ್ ಹೇಳಿದಾಗ, "ನಂಗೆ ಅಡುಗೆಮನೆ ಒಲೆ ಆರಿಸಿದೀನೋ ಇಲ್ವೋ ಅಂತ ನೆನಪಾಗುತ್ತೆ, ಅಷ್ಟೇ," ಎಂದಳು.

ಚಳಿಗಾಲ ಕಳೆದ ಮೇಲೆ ಶ್ವೆ ಅವಳನ್ನು ಕೈ ಒತ್ತುವ ಅಭ್ಯಾಸಕ್ಕೆ ಇಳಿಸಿದ. ಇಬ್ಬರು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಎದುರಿನವರ ಭಾರ ಎತ್ತ ವಾಲುತ್ತಿದೆ ಎಂದು ತಿಳಿಯುವುದು, ಆಮೇಲೆ ಉರುಳಿಸುವುದು. ಅವಳ ಎದುರಿಗೆ ನಿಲ್ಲಿಸಿದ್ದು ಬಾವ್‌ಶಾನನನ್ನು. ನಲವತ್ತು ವರ್ಷದ ಸೇಡು ತೀರಿಸಿಕೊಳ್ಳುವ ಅವಕಾಶ ಬಂತೆಂದು ಅವಳು ಎಡಗೈಯಲ್ಲಿ ಬಲವಾಗಿ ನೂಕಿದಳು. ಅಲ್ಲಿ ಅವನು ಇರಲೇ ಇಲ್ಲ. ಅವಳು ಮುಂದಕ್ಕೆ ಮುಗ್ಗರಿಸುವಷ್ಟರಲ್ಲಿ ಅವನ ಅಂಗೈ ಅವಳ ಮೊಣಕೈ ಕೆಳಗಿತ್ತು. ಮತ್ತೆ ನೂಕಿದಳು. ಮತ್ತೆ ಅದೇ. ಐದನೇ ಸಲ ಅವನು ಎರಡು ಬೆರಳು ತಾಗಿಸಿದ, ಅವಳು ಹೋಗಿ ಬೆಂಚಿನ ಮೇಲೆ ಕೂತಿದ್ದಳು, ಯಾರೋ ಉಪಚಾರ ಮಾಡಿ ಕೂರಿಸಿದ ಹಾಗೆ.

ಅವಳು ಶ್ವೆಯ ಕಡೆ ತಿರುಗಿದಳು. "ಇವನು ಏನು ಮಾಡಿದ?"

"ಬಾವ್‌ಶಾನಣ್ಣ ಇಲ್ಲಿರೋರಲ್ಲೆಲ್ಲ ಚೆನ್ನಾಗಿ ಮಾಡ್ತಾರೆ ಅಕ್ಕ. ನನ್ನನ್ನೂ ಎಷ್ಟೋ ಸಲ ಬೀಳಿಸಿದಾರೆ. ನಿಮಗೆ ಗೊತ್ತಿರಲಿಲ್ವಾ?"

ಮನೆಗೆ ನಡೆಯುವಾಗ ಅವಳು ಓಣಿಯ ತಿರುವಿನಲ್ಲಿ ಊರುಗೋಲು ಕುಟ್ಟಿ ನಿಂತಳು. ಆಮೇಲೆ ಸಿಡಿದಳು. "ಇಪ್ಪತ್ತೆರಡು ವರ್ಷ! ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಂಗೆ?"

"ನೀನು ಕೇಳ್ಲಿಲ್ವಲ್ಲ."

"ಸೊಳ್ಳೆ ಓಡಿಸ್ತಾನೆ ಅಂತ ಬೀದೀಲೆಲ್ಲ ಹೇಳ್ಕೊಂಡು ತಿರುಗಿದೆನಲ್ಲೋ ನಾನು. ಅದಕ್ಕಾದ್ರೂ ಒಂದು ಸಲ ಬೈಬಾರದಿತ್ತಾ?"

ಬಾವ್‌ಶಾನ್ ಯೋಚಿಸಿದ. "ಸೊಳ್ಳೇನೂ ಇರ್ತಾವೆ ಅಲ್ಲಿ, ಕೆರೆ ಪಕ್ಕ ಅಲ್ವಾ," ಎಂದ.

ಆ ದಿನದಿಂದ ಅವನು ಲಾಡಿ ಕಟ್ಟುವಾಗ ಅವಳು ಬೈಯುವುದು ಕಡಿಮೆಯಾಯಿತು. ಬೇಸಿಗೆಯ ಹೊತ್ತಿಗೆ ಅವನು ಕಟ್ಟಿಕೊಡುವ ಅಗತ್ಯವೂ ಬೀಳಲಿಲ್ಲ. ಬಲಗೈ ಹೆಬ್ಬೆರಳು ಲಾಡಿಯ ಒಂದು ತುದಿಯನ್ನು ಅದುಮಿ ಹಿಡಿದರೆ ಎಡಗೈ ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ಗಂಟು ಸೊಟ್ಟಗಿರುತ್ತಿತ್ತು.

ಬಲಗೈಗೆ ಊಟದ ಕಡ್ಡಿ ಹಿಡಿಯಲು ಮಾತ್ರ ಇವತ್ತಿಗೂ ಆಗುವುದಿಲ್ಲ. ದಣಿದಾಗ ನಾಲಿಗೆ ತೊದಲುತ್ತದೆ. ಕೋಟೆ ನೋಡಲು ಬಂದ ಒಬ್ಬಳು, ತೈಚಿಯಿಂದ ನಿಮ್ಮ ಕಾಯಿಲೆ ಪೂರ್ತಿ ವಾಸಿಯಾಯಿತಂತೆ ಎಂದಾಗ ಯೂಜೆನ್ ಮಡಚಿದ ಬೆರಳುಗಳನ್ನು ಅವಳ ಮೂಗಿನ ಹತ್ತಿರ ಹಿಡಿದು, "ಎಲ್ಲಿ ವಾಸಿಯಾಗಿದೆ ತೋರಿಸಮ್ಮ, ನಾನೂ ನೋಡ್ತೀನಿ," ಎಂದಳು.

ಲಕ್ವ ಹೊಡೆದು ಒಂದೂವರೆ ವರ್ಷವಾದಾಗ ತಪಾಸಣೆಗೆಂದು ಇಬ್ಬರೂ ಬಸ್ಸಿನಲ್ಲಿ ಹಾನ್‌ದಾನ್‌ಗೆ ಹೊರಟರು. ಊರುಗೋಲು ಮನೆಯಲ್ಲಿತ್ತು. ಬಸ್ಸು ತುಂಬಿತ್ತು. ಒಬ್ಬ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಳು. ಯೂಜೆನ್ ಬೇಡವೆಂದಳು. ಖಾಲಿ ಬಿಡುವುದೇಕೆಂದು ಬಾವ್‌ಶಾನ್ ಕೂತುಬಿಟ್ಟ. ಇಡೀ ಬಸ್ಸು ಅವನನ್ನು ದುರುಗುಟ್ಟಿ ನೋಡಿತು.

ಅರ್ಧ ದಾರಿಯಲ್ಲಿ ಮೂರು ಗಾಲಿಯ ಗಾಡಿಯೊಂದು ಅಡ್ಡ ಬಂತು. ಡ್ರೈವರ್ ಗಕ್ಕನೆ ಬ್ರೇಕು ಒತ್ತಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು, ಯಾರದೋ ಸೇಬಿನ ಚೀಲ ಒಡೆದು ಹಣ್ಣುಗಳು ಉರುಳಿದವು. ಯೂಜೆನ್ ಕೂಡ ಮುಂದಕ್ಕೆ ಎಸೆಯಲ್ಪಟ್ಟಳು. ಎಡಗೈ ಕಂಬಿಯಿಂದ ಕಳಚಿತು. ಏನಾಯಿತೆಂದು ತಿಳಿಯುವ ಮೊದಲೇ ಸೊಂಟ ಕೆಳಗಿಳಿದಿತ್ತು, ಬಲಗಾಲು ಒಂದು ಹೆಜ್ಜೆ ಮುಂದೆ ಹೋಗಿ ಅಷ್ಟೂ ಭಾರವನ್ನು ಹೊತ್ತು ನಿಂತಿತ್ತು. ಬಾವ್‌ಶಾನ್ ಎದ್ದು ಕೈಚಾಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನೀನು ಕೂತ್ಕೋ," ಎಂದಳು ಅವನಿಗೆ. ಆಮೇಲೆ ಮುಂದಕ್ಕೆ ತಿರುಗಿ, "ಏ ಡ್ರೈವರ್! ಇಲ್ಲಿರೋದು ಜನ ಕಣಯ್ಯ, ಎಲೆಕೋಸಲ್ಲ!" ಎಂದು ಕೂಗಿದಳು. ಮಾತು ಒಂದಿಷ್ಟೂ ತೊದಲಲಿಲ್ಲ.

ಆಸ್ಪತ್ರೆಯ ನಿಲ್ದಾಣದವರೆಗೆ ನಿಂತೇ ಬಂದಳು. ಇಳಿದು, ಬಸ್ಸು ಮರೆಯಾಗುವವರೆಗೆ ಕಾದಳು. ಆಮೇಲೆ ಮೊಣಕೈಯನ್ನು ಗಂಡನ ಕಡೆಗೆ ಚಾಚಿದಳು.

"ಹಿಡ್ಕೋ. ಕಾಲು ನಡುಗ್ತಾ ಇದೆ. ಆ ಶ್ವೆ ಹತ್ರ ಹೇಳಿದ್ರೆ ನೋಡು."

ಬಾವ್‌ಶಾನ್ ಹಿಡಿದುಕೊಂಡ. ಇಬ್ಬರೂ ಆಸ್ಪತ್ರೆಯ ಮೆಟ್ಟಿಲು ಹತ್ತತೊಡಗಿದರು.