ಮಗ್ಗಗಳು ಸುಮ್ಮನಾದ ಮಧ್ಯಾಹ್ನ

ದೆವ್ವ, ಶಕುನ, ಕನಸಿನಲ್ಲಿ ಬಂದು ಎಚ್ಚರಿಸುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿದ್ದೇನೆ. ವಾರ್ಡಿನಲ್ಲಿ ಯಾರಾದರೂ ಅಂಥ ಕತೆ ತೆಗೆದರೆ, ಮೊದಲು ಬಿ.ಪಿ. ನೋಡಿಸಿಕೊಳ್ಳಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಅಂದು ನನಗೆ ಬೇಕಾದದ್ದು ನನಗೆ ಸಿಕ್ಕಿತು, ಆದ್ದರಿಂದ ನಗುವವರ ಮೇಲೆ ಸಿಟ್ಟಿಲ್ಲ.

ನನ್ನ ಮನೆ ಬನಹಟ್ಟಿಯಲ್ಲಿ. ಕೆಲಸ ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ನಮ್ಮ ಓಣಿಯಲ್ಲಿ ಎಡಕ್ಕೂ ಮಗ್ಗ, ಬಲಕ್ಕೂ ಮಗ್ಗ. ಬೇರೆ ಊರಿನಿಂದ ಬಂದವರು ಈ ಖಟಖಟ ಸದ್ದಿಗೆ ತಲೆ ಹಿಡಿದುಕೊಳ್ಳುತ್ತಾರೆ. ನಾವು ನೇಕಾರರ ಮಕ್ಕಳು, ಸದ್ದಿನಲ್ಲೇ ನಿದ್ದೆ ಮಾಡುತ್ತೇವೆ, ಅದು ನಿಂತರೆ ಎಚ್ಚರವಾಗುತ್ತದೆ.

ರಬಕವಿಯ ಈರಪ್ಪ ನಮ್ಮ ಆಸ್ಪತ್ರೆಯ ಹಳೆಯ ರೋಗಿ. ಐವತ್ತರ ಆಸುಪಾಸಿನ ಮನುಷ್ಯ, ಮನೆಯಲ್ಲೇ ಎರಡು ಪವರ್‌ಲೂಮ್. ಹೃದಯದ ಕವಾಟ ಕೆಟ್ಟು, ದೊಡ್ಡಾಸ್ಪತ್ರೆಯಲ್ಲಿ ಲೋಹದ ಕವಾಟ ಹಾಕಿಸಿಕೊಂಡು ಬಂದಿದ್ದ. ಆ ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಬದುಕಿರುವ ತನಕ ರಕ್ತ ತೆಳು ಮಾಡುವ ಗುಳಿಗೆ ನುಂಗಬೇಕು. ಗುಳಿಗೆ ಕಡಿಮೆಯಾದರೆ ಕವಾಟ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಒಳಗೇ ರಕ್ತ ಸೋರುತ್ತದೆ. ಒಮ್ಮೆ ಜ್ವರ ಬಂದು ನಮ್ಮಲ್ಲಿ ಹನ್ನೊಂದು ದಿನ ಇದ್ದಾಗ, ವಾರ್ಡು ಶಾಂತವಾಗಿರುವ ಹೊತ್ತಿನಲ್ಲಿ ಅವನ ಎದೆಯ ಟಿಕ್ ಟಿಕ್ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ಸ್ಟೀಲ್ ಲೋಟಕ್ಕೆ ಉಗುರಿನಿಂದ ತಟ್ಟಿದಂಥ ಸದ್ದು. ರಕ್ತ ಕಡಿಮೆಯಿದೆಯೆಂದು ಆಗ ಡಾಕ್ಟರು ಕಬ್ಬಿಣದ ಗುಳಿಗೆಯನ್ನೂ ಬರೆದರು. ಅದರಿಂದ ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂದು ಹೇಳಿ ಕಳಿಸಿದವಳು ನಾನು.

ರಕ್ತ ತೆಳು ಮಾಡುವ ಗುಳಿಗೆಯನ್ನು ಸೋಮವಾರ, ಗುರುವಾರ ಇಡಿಯಾಗಿ, ಉಳಿದ ದಿನ ಅರ್ಧ ಕೊಡಬೇಕಿತ್ತು. ಅವನ ಹೆಂಡತಿ ಕಸ್ತೂರೆವ್ವನಿಗೆ ಓದು ಬರದು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅವರ ಮನೆಯ ಗೋಡೆಗೆ ಎರಡು ಮೊಳೆ ಹೊಡೆಸಿ, ಒಂದಕ್ಕೆ ವಾರದ ಕ್ರಮದಲ್ಲಿ ಏಳು ನೂಲಿನ ಎಳೆ ತೂಗಿಹಾಕಿದೆ. ಎರಡು ಕೆಂಪು, ಐದು ಬಿಳಿ. ಕೆಂಪಿದ್ದ ದಿನ ಇಡೀ ಗುಳಿಗೆ, ಬಿಳಿಯಿದ್ದ ದಿನ ಅರ್ಧ. ಗುಳಿಗೆ ಕೊಟ್ಟ ಕೂಡಲೇ ಆ ದಿನದ ಎಳೆಯನ್ನು ಪಕ್ಕದ ಮೊಳೆಗೆ ದಾಟಿಸುವುದು. ಡಾಕ್ಟರು ಇದನ್ನು ಹೊಗಳಿದ್ದೇ ತಡ, ನಾನು ಉಬ್ಬಿಹೋದೆ. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೂರು ವರ್ಷದ ಹಿಂದಿನ ಮಾತು. ಅವತ್ತು ನನಗೆ ವಾರದ ರಜೆ. ಮಧ್ಯಾಹ್ನ ಊಟ ಮುಗಿಸಿ, ಹೊಸ್ತಿಲ ಬಳಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ಸುತ್ತ ಮಗ್ಗಗಳ ಸದ್ದು ಎಂದಿನಂತೆ ಇತ್ತು. ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಕರೆಂಟು ಹೋಯಿತೆಂದುಕೊಂಡು ತಲೆ ಎತ್ತಿದೆ. ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಎದುರು ಮನೆಯ ಕಿಟಕಿಯಲ್ಲಿ ಮಗ್ಗ ಕಾಣುತ್ತದೆ, ಅದೂ ಓಡುತ್ತಿತ್ತು. ನೂಲು ಹೊತ್ತ ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವುದನ್ನು ಕಣ್ಣಾರೆ ಕಂಡೆ. ಸದ್ದು ಮಾತ್ರ ಇಲ್ಲ.

ಆ ನಿಶ್ಶಬ್ದದಲ್ಲಿ ಟಿಕ್ ಟಿಕ್ ಎಂದು ಕೇಳಿತು. ನಮ್ಮ ಮನೆಯಲ್ಲಿ ಗೋಡೆ ಗಡಿಯಾರವಿಲ್ಲ. ಆ ಸದ್ದು ಯಾರದೆಂದು ನನಗೆ ಕ್ಷಣದಲ್ಲಿ ತಿಳಿಯಿತು. ಕೈ ತನ್ನಷ್ಟಕ್ಕೆ ಫೋನು ಹಿಡಿದು ಸೆಕೆಂಡು ನೋಡತೊಡಗಿತು. ನರ್ಸಿನ ಅಭ್ಯಾಸ, ಹೆದರಿಕೆಯಲ್ಲೂ ಎಣಿಸುತ್ತೇವೆ. ಅರ್ಧ ನಿಮಿಷಕ್ಕೆ ಅರವತ್ತೆರಡು. ಕೂತ ಮನುಷ್ಯನ ಹೃದಯ ಅಷ್ಟು ಓಡಬಾರದು. ಎಣಿಕೆ ಮುಗಿಯುತ್ತಲೇ ಮಗ್ಗಗಳ ಸದ್ದು ಮತ್ತೆ ದಬದಬನೆ ಬಂದು ಕಿವಿ ತುಂಬಿತು.

ಈರಪ್ಪನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಬುದ್ಧಿ ಕೆಟ್ಟಿತೇನೆ ನಿನಗೆ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತ ಆಟೋ ಹತ್ತಿದೆ. ಏನು ಹೇಳಿಕೊಂಡು ಅವರ ಮನೆಗೆ ಹೋಗುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಹೋಗಿ ನೋಡಿದರೆ ಮಹಾರಾಯ ಮಗ್ಗದ ಮುಂದೆ ಸ್ಟೂಲಿನ ಮೇಲೆ ಕೂತಿದ್ದಾನೆ. ನನ್ನನ್ನು ಕಂಡು ಮಗ್ಗ ನಿಲ್ಲಿಸಿ, ಚಹಾ ಮಾಡುತ್ತೇನೆಂದು ಏಳಲು ಹೋದವನು ಗೋಡೆ ಹಿಡಿದುಕೊಂಡ. ಕಸ್ತೂರೆವ್ವ ಮಗಳ ಬಾಣಂತನಕ್ಕೆಂದು ಗಲಗಲಿಗೆ ಹೋಗಿ ಒಂದು ತಿಂಗಳಾಗಿತ್ತಂತೆ. ಸುಸ್ತು ಬಿಟ್ಟರೆ ಏನೂ ಇಲ್ಲ ಎಂದ. ಕೈ ಹಿಡಿದು ನಾಡಿ ನೋಡಿದೆ. ಅರ್ಧ ನಿಮಿಷಕ್ಕೆ ಅರವತ್ತೆರಡು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರೆ ಒಳಗೆ ರಕ್ತದ ಬಣ್ಣವೇ ಇಲ್ಲ. ಮಲದ ಬಗ್ಗೆ ಕೇಳಿದೆ.

"ಡಾಂಬರಿನಂಗ ಕರ್ರಗ ಆಗಾಕತ್ತೈತ್ರಿ. ಕಬ್ಬಿಣದ ಗುಳಿಗಿಗೆ ಹಂಗ ಆಗತೈತಿ, ಅಂಜಬ್ಯಾಡ ಅಂತ ನೀವ ಹೇಳಿದ್ರಲ್ರಿ ಅಕ್ಕಾರ" ಎಂದ.

ತಲೆ ಎತ್ತಿ ಮೊಳೆ ನೋಡಿದೆ. ಎರಡೂ ಮೊಳೆಗಳಲ್ಲಿ ಸೇರಿ ಏಳು ಎಳೆ, ಏಳೂ ಕೆಂಪು. ಒಂದು ತಿಂಗಳು ಆ ಮನುಷ್ಯ ದಿನವೂ ಇಡೀ ಗುಳಿಗೆ ನುಂಗಿದ್ದ. ಇವನು ಸತ್ತರೆ ಕೊಂದವಳು ನಾನೇ ಎಂದು ಅನಿಸಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಪಕ್ಕದ ಮನೆಯವರ ಗಾಡಿಯಲ್ಲಿ ಮಲಗಿಸಿಕೊಂಡು ಜಮಖಂಡಿಗೆ ತಂದೆ. ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಪರೀಕ್ಷೆಯಲ್ಲಿ ಅವನಿಗೆ ಮೂರರ ಹತ್ತಿರ ಇರಬೇಕಾದದ್ದು ಒಂಬತ್ತು ದಾಟಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು, ಮಲ ಡಾಂಬರಿನಂತೆ ಕಪ್ಪಾದದ್ದು ಅದರಿಂದ. ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಔಷಧದ ಬಲ ಮುರಿಯಲು ಇಂಜೆಕ್ಷನ್ ಕೊಡಬೇಕು, ಆದರೆ ಅಳತೆ ಮೀರಿ ಮುರಿದರೆ ಕವಾಟದ ಮೇಲೆಯೇ ರಕ್ತ ಹೆಪ್ಪುಗಟ್ಟುತ್ತದೆ. ಡಾಕ್ಟರು ಹನಿ ಹನಿ ಲೆಕ್ಕ ಹಾಕಿ ಕೊಟ್ಟರು. ರಕ್ತ ಏರಿಸಿದರು, ಪ್ಲಾಸ್ಮಾ ತರಿಸಿದರು.

ರಜೆಯ ದಿನವೆಂದು ಯಾರು ಎಷ್ಟು ಹೇಳಿದರೂ ನಾನು ಅವನ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಅವನ ಮೈಗೆ ಒಂದು ಸೂಜಿ ಹೆಚ್ಚಿಗೆ ತಾಗದಂತೆ ಕಾದೆ. ರಕ್ತ ತೆಗೆದ ಜಾಗವನ್ನು ಪ್ರತಿ ಸಲ ಹತ್ತು ನಿಮಿಷ ಒತ್ತಿ ಹಿಡಿದೆ. ಒಸಡು, ಮೂತ್ರ, ಹೊಟ್ಟೆ, ಹೊಸದಾಗಿ ಎದ್ದ ನೀಲಿ ಕಲೆ, ಎಲ್ಲವನ್ನೂ ಅರ್ಧರ್ಧ ಗಂಟೆಗೆ ನೋಡಿ ಬರೆದೆ. ತಲೆಯೊಳಗೂ ರಕ್ತ ಸೋರಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಹೆಸರು ಹೇಳು, ಕೈ ಎತ್ತು ಎಂದು ಮತ್ತೆ ಮತ್ತೆ ಕೇಳಿ ಅವನ ತಲೆ ತಿಂದೆ. ನಿಮಿಷಕ್ಕೆ ನೂರಿಪ್ಪತ್ತನಾಲ್ಕಿದ್ದ ನಾಡಿ ಮರುದಿನ ಮಧ್ಯಾಹ್ನ ಎಂಬತ್ತೆಂಟಕ್ಕೆ ಇಳಿಯಿತು. ಮೂರನೆಯ ದಿನ ರಕ್ತದ ವರದಿ ತಂದ ಡಾಕ್ಟರು ಚೀಟಿ ನನ್ನ ಕೈಗೆ ಕೊಟ್ಟರು. ಎರಡೂ ಮುಕ್ಕಾಲು. ನಾನು ಕಾರಿಡಾರಿನಲ್ಲಿ ನಿಂತು ಗಟ್ಟಿಯಾಗಿ ನಕ್ಕೆ, ಆಮೇಲೆ ಅತ್ತೆ. ಗೆದ್ದಿದ್ದೆವು.

ಗಲಗಲಿಯಿಂದ ಓಡಿಬಂದ ಕಸ್ತೂರೆವ್ವ ಅಳುತ್ತ ಎಲ್ಲ ಹೇಳಿದಳು. ಅವಳು ಊರು ಬಿಡುವ ಮುಂಚಿನ ಅಮಾವಾಸ್ಯೆಗೆ ಮಗ್ಗದ ಪೂಜೆ ಮಾಡುವಾಗ ಓಣಿಯ ಹಿರಿಯಳೊಬ್ಬಳು, ಗಂಡನ ಜೀವದ ಹೆಸರಿನಲ್ಲಿ ತೂಗುವ ಎಳೆ ಬಿಳಿ ಇರಬಾರದು ಎಂದಳಂತೆ. ಮುತ್ತೈದೆಯ ಮನಸ್ಸು ತಡೆಯಲಿಲ್ಲ, ಬಿಳಿ ಎಳೆಗಳನ್ನೆಲ್ಲ ತೆಗೆದು ಕೆಂಪು ಹಾಕಿದ್ದಳು.

"ನನಗ ವಾರ ಬಾಯಿಪಾಠ ಆಗಿದ್ವು ರೀ. ಎಳಿ ನೋಡೂದ ಬಿಟ್ಟಿದ್ನಿ. ಅವರು ನೋಡಿ ನುಂಗ್ತಾರಂತ ತಿಳೀಲಿಲ್ರಿ ನನಗ."

ಅವಳನ್ನು ಬೈಯುವ ಬಾಯಿ ನನಗಿರಲಿಲ್ಲ. ಬಣ್ಣದ ಮಾತು ನನಗೇ ಹೊಳೆಯಬೇಕಿತ್ತು, ನಾನೂ ನೇಕಾರರ ಮಗಳೇ ಅಲ್ಲವೇ.

ನಾನು ಕೇಳಿದ ಸದ್ದಿನ ಸುದ್ದಿಯನ್ನು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. ಮನೆಗೆ ಹೊರಡುವ ದಿನ ಈರಪ್ಪನೇ ಮಾತು ತೆಗೆದ. ಅವತ್ತು ಮಧ್ಯಾಹ್ನ ಅವನ ಮಗ್ಗಗಳೂ ಓಡುತ್ತಲೇ ಮೂಕವಾದವಂತೆ. ಕೈಯಿಟ್ಟು ನೋಡಿದರೆ ಚೌಕಟ್ಟು ಅದುರುತ್ತಿತ್ತಂತೆ.

"ನನ್ನ ಎದಿ ಸಪ್ಪಳ ನನಗ ಕೇಳಿತ್ರಿ. ಇದೇನೋ ಬರೋಬ್ಬರಿ ಇಲ್ಲ, ಅಕ್ಕಾರಿಗೆ ಹೇಳಬೇಕು ಅಂತ ಮನಸಿನಾಗ ಅಂದ್ಕೊಂಡ್ನಿ. ಅಷ್ಟರಾಗ ನೀವ ಬಂದ್ರಿ" ಎಂದ.

ಡಾಕ್ಟರಿಗೆ ಹೇಳಿದೆ. ಸದಾ ಸದ್ದಿನಲ್ಲಿರುವ ಕಿವಿ ಹೀಗೆ ಮೋಸ ಮಾಡುವುದುಂಟು ಎಂದರು. ಇರಬಹುದು. ಆದರೆ ಇಬ್ಬರ ಕಿವಿ ಒಂದೇ ಹೊತ್ತಿಗೆ? ಬನಹಟ್ಟಿಯ ಕಿವಿಗೆ ರಬಕವಿಯ ಎದೆಯ ಸದ್ದು, ಅದೂ ಎಣಿಕೆ ತಪ್ಪದೆ?

ನಮ್ಮ ಮಾತು ಕೇಳುತ್ತ ನಿಂತಿದ್ದ ಕಸ್ತೂರೆವ್ವ, ಅದೆಂಥ ಸಪ್ಪಳ ಎಂದು ಕೇಳಿದಳು. ಅವಳು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಮನೆಯಲ್ಲಿ ಮಗ್ಗದ ಸದ್ದು ಅದನ್ನು ಕೇಳಗೊಟ್ಟರೆ ತಾನೇ? ನಾನು ವಾರ್ಡಿನ ಫ್ಯಾನು ಆರಿಸಿದೆ. ಅಕ್ಕಪಕ್ಕದ ಹಾಸಿಗೆಯವರೂ ಮಾತು ನಿಲ್ಲಿಸಿದರು. ಅವಳು ಸೆರಗು ಸರಿಸಿ, ಅಷ್ಟು ಜನರೆದುರು, ಗಂಡನ ಎದೆಗೆ ಕಿವಿಯಿಟ್ಟಳು. ಬಹಳ ಹೊತ್ತು ಏಳಲಿಲ್ಲ.